ಮಾಮೂಲಿ ದಿನದ ಡ್ರೈವಿಂಗ್ ದಾಖಲಿಸುವುದು ಹೇಗೆ? ಚಾಲಕರ ನಡವಳಿಕೆಯ ದೊಡ್ಡ ಅಧ್ಯಯನಕ್ಕೊಂದು ಸಮಗ್ರ ಮಾರ್ಗದರ್ಶಿ

ಅಪಘಾತವಾದ ಮೇಲೆ ಯಾರನ್ನೇ ಕೇಳಿ, ಉತ್ತರ ಹೆಚ್ಚುಕಮ್ಮಿ ಒಂದೇ. "ಗೊತ್ತೇ ಆಗ್ಲಿಲ್ಲ ಸಾರ್, ಸಡನ್ನಾಗಿ ಅಡ್ಡ ಬಂದ." ಅವರು ಸುಳ್ಳು ಹೇಳುತ್ತಿಲ್ಲ. ಡಿಕ್ಕಿಗೆ ಮುಂಚಿನ ಮೂರು ಸೆಕೆಂಡು ಎಷ್ಟೋ ಜನರ ನೆನಪಿನಲ್ಲಿ ಉಳಿಯುವುದೇ ಇಲ್ಲ. ಪೊಲೀಸರು ಬರುವ ಹೊತ್ತಿಗೆ ಗಾಜಿನ ಚೂರು, ಟೈರಿನ ಗುರುತು, ಸುತ್ತ ನಿಂತ ಜನ, ಇಷ್ಟೇ ಇರುತ್ತದೆ. ವರದಿಯಲ್ಲಿ "ಅತಿವೇಗ ಮತ್ತು ಅಜಾಗರೂಕತೆ" ಎಂದು ಬರೆದು ಮುಗಿಸುತ್ತಾರೆ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಕೇಂದ್ರ ಸಾರಿಗೆ ಸಚಿವಾಲಯದ ವರದಿ ಶೇ. 70ಕ್ಕೂ ಜಾಸ್ತಿ ಸಾವುಗಳನ್ನು ಅತಿವೇಗದ ಖಾತೆಗೆ ಹಾಕುತ್ತದೆ. ವೇಗ ಕೊಲ್ಲುತ್ತದೆ, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಒಂದು ಪದದ ಹಿಂದೆ ಎಷ್ಟು ನಿದ್ದೆ, ಎಷ್ಟು ಫೋನು, ಬಣ್ಣ ಮಾಸಿದ ಎಷ್ಟು ಹಂಪ್‌ಗಳು, ಎದುರಿನ ಎಷ್ಟು ಹೈಬೀಮ್ ದೀಪಗಳು ಅಡಗಿವೆ ಎಂದು ವರದಿ ನೋಡಿ ಹೇಳಲು ಆಗುವುದಿಲ್ಲ.

ಅದನ್ನು ತಿಳಿಯಲು ಒಂದು ದಾರಿ ಇದೆ. ಸಾಮಾನ್ಯ ಜನರ ಸ್ವಂತ ಗಾಡಿಗಳಲ್ಲಿ ಸಣ್ಣ ಕ್ಯಾಮೆರಾ, ಸೆನ್ಸರ್ ಇಟ್ಟು, ಅವರನ್ನು ಅವರ ಪಾಡಿಗೆ ಬಿಟ್ಟುಬಿಡುವುದು. ತಿಂಗಳುಗಟ್ಟಲೆ. ಪರೀಕ್ಷೆ ಇಲ್ಲ, ಪಕ್ಕದಲ್ಲಿ ಕೂತು ಬರೆದುಕೊಳ್ಳುವವರಿಲ್ಲ. ಇದಕ್ಕೆ ನ್ಯಾಚುರಲಿಸ್ಟಿಕ್ ಡ್ರೈವಿಂಗ್ ಸ್ಟಡಿ ಎನ್ನುತ್ತಾರೆ. ನಾನು ಸಹಜ ಚಾಲನಾ ಅಧ್ಯಯನ ಎಂದು ಕರೆಯುತ್ತೇನೆ. ಎಂಜಿನಿಯರಿಂಗ್ ಕಾಲೇಜಿನ ತಂಡ, ಸಾರ್ವಜನಿಕ ಆರೋಗ್ಯ ಓದುತ್ತಿರುವವರು, ರಸ್ತೆ ಸುರಕ್ಷತೆಗೆ ದುಡಿಯುವ ಸಂಸ್ಥೆಗಳು ಇಂಥದ್ದನ್ನು ಶುರು ಮಾಡುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಎರಡು ಹಳೆಯ ಅಧ್ಯಯನಗಳನ್ನು ಚೆನ್ನಾಗಿ ಓದಿ

ಒಂದು, ಅಮೆರಿಕದ ವರ್ಜೀನಿಯಾ ಟೆಕ್ ಸಾರಿಗೆ ಸಂಸ್ಥೆಯ "100 ಕಾರು" ಅಧ್ಯಯನ. ವಾಷಿಂಗ್ಟನ್ ನಗರದ ಸುತ್ತಮುತ್ತ 100 ಕಾರುಗಳನ್ನು ಒಂದೊಂದು ವರ್ಷ ಹಿಂಬಾಲಿಸಿದರು. 78 ಕಾರು ಜನರ ಸ್ವಂತದ್ದು, 22 ಬಾಡಿಗೆಗೆ ಕೊಟ್ಟಿದ್ದು. ಒಟ್ಟು ಸುಮಾರು 20 ಲಕ್ಷ ಮೈಲಿ, 43,000 ಗಂಟೆಗಳ ದಾಖಲೆ. 2006ರಲ್ಲಿ ವರದಿ ಬಂತು. 82 ಡಿಕ್ಕಿಗಳು ಸಿಕ್ಕವು, ಅದರಲ್ಲಿ ಪೊಲೀಸರ ತನಕ ಹೋಗಿದ್ದು 15 ಮಾತ್ರ. ಕೂದಲೆಳೆಯಲ್ಲಿ ತಪ್ಪಿದ ಘಟನೆಗಳು 761. ಡಿಕ್ಕಿಗಳಲ್ಲಿ ಸುಮಾರು ಶೇ. 80ರಷ್ಟರಲ್ಲಿ, ಆಗುವ ಮುಂಚಿನ ಮೂರು ಸೆಕೆಂಡಿನೊಳಗೆ ಚಾಲಕರ ಗಮನ ಬೇರೆಲ್ಲೋ ಇತ್ತು.

ಇನ್ನೊಂದು ಅದರ ದೊಡ್ಡಣ್ಣ, ಶಾರ್ಪ್-2 (SHRP 2, ಅಮೆರಿಕದ ಎರಡನೇ ಹೆದ್ದಾರಿ ಸಂಶೋಧನಾ ಕಾರ್ಯಕ್ರಮದ ಭಾಗ). 2010ರಿಂದ 2013ರವರೆಗೆ ಆರು ಕಡೆ ನಡೆಯಿತು: ಸಿಯಾಟಲ್, ಟ್ಯಾಂಪಾ, ಬಫಲೋ, ಡರಮ್, ಇಂಡಿಯಾನಾದ ಬ್ಲೂಮಿಂಗ್ಟನ್ ಮತ್ತು ಮಧ್ಯ ಪೆನ್ಸಿಲ್ವೇನಿಯಾ. 3,000ಕ್ಕೂ ಜಾಸ್ತಿ ಚಾಲಕರು. ಹದಿನಾರರ ಹುಡುಗರಿಂದ ತೊಂಬತ್ತು ದಾಟಿದ ಅಜ್ಜ ಅಜ್ಜಿಯರವರೆಗೆ. 50 ಲಕ್ಷದಷ್ಟು ಪ್ರಯಾಣಗಳು. ಈ ಎರಡರ ವಿಧಾನದ ವರದಿಗಳನ್ನು ಮೊದಲಿಂದ ಕೊನೆಯವರೆಗೆ ಓದಿ. ಫಲಿತಾಂಶದ ಪುಟಗಳಿಗಿಂತ, ಏನು ಕೆಟ್ಟಿತು ಹೇಗೆ ಸರಿಮಾಡಿದರು ಎಂದು ಬರೆದ ಪುಟಗಳು ನಿಮಗೆ ಉಪಯೋಗ.

ಹಂತ 1: ಒಂದೇ ಒಂದು ಪ್ರಶ್ನೆ ಬರೆದುಕೊಳ್ಳಿ

"ಚಾಲಕರ ನಡವಳಿಕೆ ಅಧ್ಯಯನ ಮಾಡ್ತೀವಿ" ಅನ್ನುವುದು ಪ್ರಶ್ನೆಯಲ್ಲ. "ರಾತ್ರಿ 11ರಿಂದ ಬೆಳಗ್ಗೆ 5ರವರೆಗೆ ಓಡಿಸುವ ಟ್ಯಾಕ್ಸಿ ಚಾಲಕರಲ್ಲಿ ತೂಕಡಿಕೆ ಎಷ್ಟು ಸಲ ಬರುತ್ತದೆ, ಅದು ಬಂದಾಗ ಕೂದಲೆಳೆ ಘಟನೆಗಳು ಎಷ್ಟು ಪಟ್ಟು ಹೆಚ್ಚುತ್ತವೆ?" ಇದು ಪ್ರಶ್ನೆ. ಯಾರು, ಯಾವಾಗ, ಏನು, ಯಾವುದಕ್ಕೆ ಹೋಲಿಸಿ, ನಾಲ್ಕೂ ಇದರಲ್ಲಿದೆ.

ಪ್ರಶ್ನೆ ಹೀಗಿದ್ದರೆ ಮುಂದಿನದೆಲ್ಲ ತಾನಾಗಿ ತೀರ್ಮಾನವಾಗುತ್ತದೆ. ತೂಕಡಿಕೆ ಬೇಕಾದರೆ ಕತ್ತಲಲ್ಲೂ ಕಣ್ಣು ಕಾಣಿಸುವ ಇನ್‌ಫ್ರಾರೆಡ್ ಕ್ಯಾಮೆರಾ ಬೇಕು. ಫೋನ್ ಬಳಕೆ ಬೇಕಾದರೆ ತೊಡೆ ಮತ್ತು ಕೈ ಕಾಣಬೇಕು. ಓವರ್‌ಟೇಕ್ ಬಗ್ಗೆ ಕೇಳುವುದಾದರೆ ಮುಂದೆ ಹಿಂದೆ ಎರಡೂ ಬೇಕು. "ಎಲ್ಲಾ ಇರಲಿ, ಆಮೇಲೆ ನೋಡೋಣ" ಅಂತ ಹೊರಟರೆ ಎಲ್ಲವೂ ಅರ್ಧಂಬರ್ಧ ಸಿಗುತ್ತದೆ.

ಹಂತ 2: ಎಷ್ಟು ಗಾಡಿ, ಎಷ್ಟು ದಿನ

ಇಲ್ಲಿ ಆಸೆ ದೊಡ್ಡದು, ಲೆಕ್ಕ ಕಠಿಣ. 100 ಕಾರು ಪೂರ್ತಿ ಒಂದು ವರ್ಷ ಓಡಿದಾಗ ನೂರು ಡಿಕ್ಕಿಯೂ ಸಿಗಲಿಲ್ಲ ಅನ್ನುವುದು ನೆನಪಿರಲಿ. ಅದರಲ್ಲೂ ಬಹಳಷ್ಟು ಸಣ್ಣಪುಟ್ಟವು. ಹಾಗಾಗಿ ಚಿಕ್ಕ ಅಧ್ಯಯನ ಮಾಡುವವರು ಡಿಕ್ಕಿಯನ್ನೇ ನಂಬಿ ಕೂರುವಂತಿಲ್ಲ. ಕೂದಲೆಳೆ ಘಟನೆಗಳನ್ನು ಅವಲಂಬಿಸಬೇಕು. ತಪ್ಪಿದ ಡಿಕ್ಕಿಯ ಕಾರಣವೂ ಆದ ಡಿಕ್ಕಿಯ ಕಾರಣವೂ ಒಂದೇನಾ ಎಂಬ ಬಗ್ಗೆ ಸಂಶೋಧಕರಲ್ಲಿ ಚರ್ಚೆ ಇದೆ. ನೀವು ಯಾವುದನ್ನು ಎಣಿಸುತ್ತೀರಿ ಎಂದು ಮೊದಲೇ ಬರೆದಿಡಿ. ಫಲಿತಾಂಶ ನೋಡಿ ಆಮೇಲೆ ಬದಲಿಸಬೇಡಿ.

ಒಂದು ಕಾಲೇಜು ತಂಡ ನಿಭಾಯಿಸಬಹುದಾದ ಯೋಜನೆ ಇಟ್ಟುಕೊಳ್ಳೋಣ. 30 ಕಾರು, 30 ಬೈಕು, 90 ದಿನ. ದಿನಕ್ಕೆ ಸರಾಸರಿ ಒಂದೂವರೆ ಗಂಟೆ ಓಡಿದರೆ ಒಟ್ಟು 8,100 ಗಂಟೆ. ಒಬ್ಬರು ದಿನಕ್ಕೆ ಎಂಟು ಗಂಟೆ ಕೂತು ನೋಡಿದರೂ 1,000 ದಿನಕ್ಕೂ ಜಾಸ್ತಿ ಬೇಕು. ಅಂದರೆ ಪೂರ್ತಿ ನೋಡುವುದು ಆಗದ ಮಾತು. ಯಾವ ತುಣುಕು ನೋಡಬೇಕು ಎಂದು ಆರಿಸುವ ಉಪಾಯವೇ ಅಧ್ಯಯನದ ಬೆನ್ನೆಲುಬು. ಅದಕ್ಕೆ ಹಂತ 7ರಲ್ಲಿ ಬರುತ್ತೇನೆ.

ಸಂಖ್ಯಾಶಾಸ್ತ್ರ ಬಲ್ಲವರನ್ನು ಮೊದಲ ದಿನವೇ ತಂಡಕ್ಕೆ ಸೇರಿಸಿ. ಡೇಟಾ ಬಂದ ಮೇಲೆ ಕರೆದರೆ ಅವರು ಮಾಡುವುದಕ್ಕೆ ಏನೂ ಉಳಿದಿರುವುದಿಲ್ಲ.

ಹಂತ 3: ಯಾರನ್ನು ಸೇರಿಸಬೇಕು

ಸ್ನೇಹಿತರು, ಸಹೋದ್ಯೋಗಿಗಳು ಮಾತ್ರ ಸೇರಿದರೆ ಅದು ನಿಮ್ಮ ಆಫೀಸಿನ ಅಧ್ಯಯನವಾಗುತ್ತದೆ. ಶಾರ್ಪ್-2ರಲ್ಲಿ ತೀರಾ ಚಿಕ್ಕವರನ್ನೂ ತೀರಾ ವಯಸ್ಸಾದವರನ್ನೂ ಬೇಕೆಂದೇ ಹೆಚ್ಚಾಗಿ ಸೇರಿಸಿದರು. ಅಪಾಯ ಜಾಸ್ತಿ ಇರುವುದು ಆ ಎರಡು ತುದಿಗಳಲ್ಲಿ. ನಮ್ಮಲ್ಲಾದರೆ ಎರಡು ಚಕ್ರದವರನ್ನು ಬಿಟ್ಟು ಅಧ್ಯಯನ ಮಾಡಿದರೆ ಅರ್ಥವೇ ಇಲ್ಲ. 2022ರ ರಸ್ತೆ ಸಾವುಗಳಲ್ಲಿ ಶೇ. 44ರಷ್ಟು ಜನ ದ್ವಿಚಕ್ರ ವಾಹನದವರು.

ಒಂದು ಗಾಡಿಗೆ ಒಬ್ಬರೇ ಚಾಲಕರು ಅಂದುಕೊಳ್ಳಬೇಡಿ. 100 ಕಾರುಗಳ ಅಧ್ಯಯನದಲ್ಲಿ ಓಡಿಸಿದವರು 241 ಜನ. ನಮ್ಮ ಮನೆಗಳಲ್ಲೂ ಹಾಗೇ ಅಲ್ವಾ? ಬೆಳಗ್ಗೆ ಅಪ್ಪ, ಮಧ್ಯಾಹ್ನ ಮಗಳು, ಭಾನುವಾರ ಭಾವಮೈದುನ. ಪ್ರತಿ ಪ್ರಯಾಣದಲ್ಲೂ ಓಡಿಸಿದವರು ಯಾರು ಎಂದು ಗುರುತಿಸುವ ಕೆಲಸ ಮೊದಲು. ಒಪ್ಪಿಗೆ ಕೊಡದವರು ಓಡಿಸಿದ್ದರೆ ಆ ಪ್ರಯಾಣದ ವಿಡಿಯೋ ಅಳಿಸಬೇಕು.

ಗೌರವಧನದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಶಾರ್ಪ್-2ರಲ್ಲಿ ವರ್ಷಕ್ಕೆ 500 ಡಾಲರ್ ಕೊಟ್ಟರು. ಅವರ ಸಮಯಕ್ಕೆ, ತೊಂದರೆಗೆ ಸಾಕಾಗುವಷ್ಟು ಕೊಡಿ. ದುಡ್ಡಿಗಾಗಿಯೇ ಒಪ್ಪುವಷ್ಟು ಬೇಡ. ಜಾಸ್ತಿ ಓಡಿಸಿದರೆ ಜಾಸ್ತಿ ಕೊಡುತ್ತೇವೆ ಅಂತ ಮಾತ್ರ ಯಾವತ್ತೂ ಹೇಳಬೇಡಿ.

ಹಂತ 4: ಒಪ್ಪಿಗೆ

ನನ್ನ ಮಟ್ಟಿಗೆ ಇದೇ ಅತಿ ಮುಖ್ಯ ಹಂತ. ಕ್ಯಾಮೆರಾ ಖರೀದಿಗೆ ಮುಂಚೆ ಇದನ್ನು ಮುಗಿಸಿ.

ನೀವು ಕೇಳುತ್ತಿರುವುದು ಎಷ್ಟು ದೊಡ್ಡದು ಎಂದು ಒಮ್ಮೆ ಯೋಚಿಸಿ. ಕಾರಿನೊಳಗೆ ಜನ ಅಳುತ್ತಾರೆ. ಹಾಡುತ್ತಾರೆ. ಜಗಳ ಆಡುತ್ತಾರೆ. ಆಸ್ಪತ್ರೆಗೆ ಹೋಗುತ್ತಾರೆ, ಯಾರಿಗೂ ಹೇಳದ ಜಾಗಕ್ಕೂ ಹೋಗುತ್ತಾರೆ. ಅದೆಲ್ಲವನ್ನೂ ಒಬ್ಬ ಅಪರಿಚಿತರ ಕೈಗೆ ಕೊಡಿ ಎಂದು ನೀವು ಕೇಳುತ್ತಿದ್ದೀರಿ.

ನಿಮ್ಮ ಸಂಸ್ಥೆಯ ಎಥಿಕ್ಸ್ ಕಮಿಟಿಯ ಅನುಮತಿ ಮೊದಲು. ಜೊತೆಗೆ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆ, 2023 ಓದಿಕೊಳ್ಳಿ. ಅದರ ಪ್ರಕಾರ ಒಪ್ಪಿಗೆ ಮುಕ್ತವಾಗಿರಬೇಕು, ಯಾವುದಕ್ಕೆ ಎಂದು ಸ್ಪಷ್ಟವಾಗಿರಬೇಕು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ಪಡೆಯಲು ಸಾಧ್ಯವಿರಬೇಕು. ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಒಪ್ಪಿಗೆಯ ಕೋರಿಕೆ ಓದುವ ಅವಕಾಶ ಜನರಿಗಿದೆ. ಕನ್ನಡವೂ ಅದರಲ್ಲಿದೆ. 18 ತುಂಬದವರಿಗೆ ಪೋಷಕರ ಒಪ್ಪಿಗೆ ಬೇಕು. ಸಂಶೋಧನೆಗೆ ಕಾಯ್ದೆಯಲ್ಲಿ ಕೆಲವು ವಿನಾಯಿತಿಗಳಿವೆ, ಆದರೆ ಅದರ ಮರೆಯಲ್ಲಿ ಒಪ್ಪಿಗೆಯನ್ನು ಸಡಿಲ ಮಾಡಬೇಡಿ.

ಒಪ್ಪಿಗೆ ಪತ್ರವನ್ನು ಇಂಗ್ಲಿಷಿನಲ್ಲಿ ಬರೆದು ಕನ್ನಡಕ್ಕೆ ತಿರುಗಿಸಿದರೆ ಅದು ಯಾರಿಗೂ ಅರ್ಥವಾಗದ ಕಾಗದವಾಗುತ್ತದೆ. ಕನ್ನಡದಲ್ಲೇ ಬರೆಯಿರಿ. ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

"ಗಾಡಿ ಸ್ಟಾರ್ಟ್ ಆದಾಗಿನಿಂದ ಆಫ್ ಆಗುವವರೆಗೆ ನಿಮ್ಮ ಮುಖ, ಕೈ, ತೊಡೆ, ಮುಂದಿನ ಮತ್ತು ಹಿಂದಿನ ರಸ್ತೆ ವಿಡಿಯೋದಲ್ಲಿ ದಾಖಲಾಗುತ್ತದೆ. ಮಾತು ದಾಖಲಾಗುವುದಿಲ್ಲ. ನೀವು ಕೆಂಪು ಬಟನ್ ಒತ್ತಿದರೆ ಮಾತ್ರ 30 ಸೆಕೆಂಡು ನಿಮ್ಮ ಧ್ವನಿ ದಾಖಲಾಗುತ್ತದೆ. ನೀವು ಎಲ್ಲೆಲ್ಲಿ ಹೋದಿರಿ ಎಂಬುದೂ ನಮಗೆ ತಿಳಿಯುತ್ತದೆ. ನಿಮ್ಮ ಮಾಲೀಕರಿಗಾಗಲಿ, ವಿಮೆ ಕಂಪನಿಗಾಗಲಿ, ಮನೆಯವರಿಗಾಗಲಿ ಇದನ್ನು ನಾವು ಕೊಡುವುದಿಲ್ಲ. ಕೋರ್ಟು ಆದೇಶ ಮಾಡಿದರೆ ಕೊಡಬೇಕಾಗಬಹುದು. ಬೇಡ ಅನ್ನಿಸಿದ ದಿನ ಒಂದು ಫೋನ್ ಮಾಡಿ. ಕಾರಣ ಕೇಳುವುದಿಲ್ಲ. ಬಂದು ಬಿಚ್ಚಿಕೊಂಡು ಹೋಗುತ್ತೇವೆ."

ಕೋರ್ಟಿನ ಸಾಲು ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಬರೆಯಲೇಬೇಕು. ಅಮೆರಿಕದಲ್ಲಿ ಶಾರ್ಪ್-2 ತಂಡ ಅಲ್ಲಿನ ಆರೋಗ್ಯ ಸಂಸ್ಥೆಯಿಂದ ಗೋಪ್ಯತಾ ಪ್ರಮಾಣಪತ್ರ ಪಡೆದಿತ್ತು, ಡೇಟಾ ಹಸ್ತಾಂತರಿಸಿ ಎಂಬ ಒತ್ತಡವನ್ನು ತಡೆಯಲು. ಇಲ್ಲಿ ನಿಮ್ಮ ಕೈಯಲ್ಲಿ ಅಂಥ ಕಾಗದ ಇಲ್ಲ ಅಂದುಕೊಂಡೇ ಯೋಜನೆ ಮಾಡಿ, ವಕೀಲರೊಬ್ಬರ ಸಲಹೆ ಪಡೆಯಿರಿ. ಉಳಿಸಿಕೊಳ್ಳಲಾಗದ ಭರವಸೆ ಕೊಡಬೇಡಿ.

ಇನ್ನು ಸಂಬಳಕ್ಕೆ ಓಡಿಸುವ ಚಾಲಕರ ವಿಷಯ. ಟ್ರಾವೆಲ್ಸ್ ಮಾಲೀಕರ ಬಳಿ ಹೋದರೆ ಒಂದೇ ಮಧ್ಯಾಹ್ನದಲ್ಲಿ 40 ಗಾಡಿ ಸಿಗುತ್ತವೆ. ಮಾಲೀಕರು ಒಳಗೆ ತಿರುಗಿ "ಏಯ್, ಎಲ್ರೂ ಸೈನ್ ಹಾಕ್ರೋ" ಅನ್ನುತ್ತಾರೆ. 40 ಸಹಿ ಬೀಳುತ್ತದೆ. ಅದರಲ್ಲಿ ಒಂದೂ ಒಪ್ಪಿಗೆಯಲ್ಲ. ಕೆಲಸ ಹೋಗುವ ಭಯದಲ್ಲಿ ಹಾಕಿದ ಸಹಿ ಅದು. ಚಾಲಕರನ್ನು ಅವರ ಸ್ಟ್ಯಾಂಡಿನಲ್ಲಿ, ಅವರ ಚಹಾದ ಹೊತ್ತಿನಲ್ಲಿ, ಮಾಲೀಕರು ಇಲ್ಲದಾಗ ಭೇಟಿ ಮಾಡಿ. ಓದಿ ಹೇಳಿ. ಎರಡು ದಿನ ಬಿಟ್ಟು ಮತ್ತೆ ಕೇಳಿ. ಮಾಲೀಕರ ಹತ್ತಿರ ಗಾಡಿಗೆ ಸಾಧನ ಕೂರಿಸುವ ಅನುಮತಿ ಮಾತ್ರ ಪಡೆಯಿರಿ. ಜೊತೆಗೆ, ಯಾವ ಚಾಲಕರ ಡೇಟಾವನ್ನೂ ಕೇಳುವುದಿಲ್ಲ ಎಂದು ಅವರಿಂದ ಬರೆಸಿಕೊಳ್ಳಿ.

ಪ್ರಯಾಣಿಕರು ನಿಮಗೆ ಯಾವ ಒಪ್ಪಿಗೆಯನ್ನೂ ಕೊಟ್ಟಿಲ್ಲ. ಶಾರ್ಪ್-2ರಲ್ಲಿ ಕಾರಿನ ಒಳಗಿನ ಪೂರ್ತಿ ನೋಟವನ್ನು ವಿಡಿಯೋ ಮಾಡಲಿಲ್ಲ. ಆಗಾಗ ಒಂದು ಸ್ಥಿರ ಚಿತ್ರ ತೆಗೆದು, ಮುಖ ಗುರುತು ಸಿಗದಂತೆ ಶಾಶ್ವತವಾಗಿ ಮಸುಕು ಮಾಡಿದರು. ಪಕ್ಕದಲ್ಲಿ ಯಾರೋ ಕೂತಿದ್ದಾರೆ ಅನ್ನುವಷ್ಟು ಮಾತ್ರ ಅದರಿಂದ ತಿಳಿಯುತ್ತದೆ. ನೀವೂ ಹಾಗೇ ಮಾಡಿ.

ಕೊನೆಯದಾಗಿ ಒಂದು ಕಷ್ಟದ ಪ್ರಶ್ನೆ. ವಿಡಿಯೋದಲ್ಲಿ ಯಾರೋ ಕುಡಿದು ಓಡಿಸುತ್ತಿರುವುದು ಕಂಡರೆ? ಮಗುವಿಗೆ ಹೊಡೆಯುವುದು ಕಂಡರೆ? ಕಂಡ ಮೇಲೆ ಸಭೆ ಕರೆಯುವಂತಿಲ್ಲ. ಯಾವ ಸಂದರ್ಭದಲ್ಲಿ ಯಾರಿಗೆ ತಿಳಿಸುತ್ತೀರಿ ಎಂದು ಕಮಿಟಿಯ ಜೊತೆ ಮೊದಲೇ ತೀರ್ಮಾನಿಸಿ, ಒಪ್ಪಿಗೆ ಪತ್ರದಲ್ಲೂ ಹಾಕಿ.

ಹಂತ 5: ಪೆಟ್ಟಿಗೆಯೊಳಗೆ ಏನಿರಬೇಕು

ಕಾರಿಗೆ ನಾಲ್ಕು ನೋಟ ಸಾಕು: ಮುಂದಿನ ರಸ್ತೆ, ಚಾಲಕರ ಮುಖ, ಸ್ಟೀರಿಂಗ್ ಮೇಲಿನ ಕೈ ಮತ್ತು ತೊಡೆ, ಹಿಂದಿನ ರಸ್ತೆ. ಇವುಗಳ ಜೊತೆಗೆ ಜಿಪಿಎಸ್, ವೇಗದ ಏರಿಳಿತ ಅಳೆಯುವ ಆಕ್ಸಿಲೆರೋಮೀಟರ್, ತಿರುವು ಅಳೆಯುವ ಗೈರೋ. ಶಾರ್ಪ್-2ರಲ್ಲಿ ಜಿಪಿಎಸ್ ಸೆಕೆಂಡಿಗೆ ಒಂದು ಸಲ, ಆಕ್ಸಿಲೆರೋಮೀಟರ್ ಸೆಕೆಂಡಿಗೆ 10 ಸಲ ದಾಖಲಿಸುತ್ತಿದ್ದವು. ಮುಂದಿನ ಗಾಡಿಯ ದೂರ ಅಳೆಯಲು ರೇಡಾರ್ ಕೂಡ ಇತ್ತು. ದುಡ್ಡಿದ್ದರೆ ನೀವೂ ಹಾಕಿ.

ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್‌ನಿಂದ (ಮೆಕ್ಯಾನಿಕ್‌ಗಳು ಗಾಡಿಯ ಕಂಪ್ಯೂಟರ್ ಓದಲು ಬಳಸುವುದು) ವೇಗ, ಎಂಜಿನ್ ಆರ್‌ಪಿಎಂ ಸುಲಭವಾಗಿ ಸಿಗುತ್ತದೆ. ಬ್ರೇಕ್ ಪೆಡಲ್, ಇಂಡಿಕೇಟರ್ ಮಾಹಿತಿ ಮಾತ್ರ ಒಂದೊಂದು ಕಂಪನಿಯ ಗಾಡಿಯಲ್ಲಿ ಒಂದೊಂದು ಗುಪ್ತ ಭಾಷೆಯಲ್ಲಿರುತ್ತದೆ. ಅದನ್ನೇ ನಂಬಿ ಯೋಜನೆ ಮಾಡಬೇಡಿ.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದದ್ದು ಸಮಯದ ಹೊಂದಾಣಿಕೆ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಗಾಡಿ ಸುಮಾರು 17 ಮೀಟರ್ ಓಡಿರುತ್ತದೆ. ಮುಖದ ಕ್ಯಾಮೆರಾ ರಸ್ತೆಯ ಕ್ಯಾಮೆರಾಕ್ಕಿಂತ ಅರ್ಧ ಸೆಕೆಂಡ್ ಹಿಂದಿದ್ದರೆ, ಚಾಲಕರು ನೋಡಿ ಬ್ರೇಕ್ ಹಾಕಿದರೋ ಬ್ರೇಕ್ ಹಾಕಿದ ಮೇಲೆ ನೋಡಿದರೋ ಎಂದೇ ಗೊತ್ತಾಗುವುದಿಲ್ಲ. ಇಡೀ ಅಧ್ಯಯನ ನಿಂತಿರುವುದೇ ಆ ಅರ್ಧ ಸೆಕೆಂಡಿನ ಮೇಲೆ. ಪರೀಕ್ಷೆ ಸುಲಭ. ಮಿಲಿಸೆಕೆಂಡ್ ತೋರಿಸುವ ಗಡಿಯಾರವನ್ನು ಫೋನಿನಲ್ಲಿ ಹಾಕಿ ಎಲ್ಲಾ ಕ್ಯಾಮೆರಾಗಳ ಮುಂದೆ ಹಿಡಿಯಿರಿ. ಗಾಡಿ ಎರಡು ಗಂಟೆ ಓಡಿಸಿ. ಮತ್ತೆ ಹಿಡಿಯಿರಿ. ವ್ಯತ್ಯಾಸ ಬೆಳೆದಿದ್ದರೆ ಆ ಸಾಧನ ಬೇಡ.

ಬೈಕಿಗೆ ಬೇರೆಯದೇ ತಲೆನೋವು. ಮಳೆ, ಧೂಳು, ಬ್ಯಾಟರಿ ಚಿಕ್ಕದು, ತಿರುವಿನಲ್ಲಿ ಗಾಡಿ ವಾಲುತ್ತದೆ, ಹೆಲ್ಮೆಟ್ ಒಳಗೆ ಕಣ್ಣು ಕಾಣುವುದಿಲ್ಲ. ತಲೆ ಯಾವ ಕಡೆ ತಿರುಗಿದೆ ಅನ್ನುವುದರಿಂದಲೇ ನೋಟ ಊಹಿಸಬೇಕು. ವರ್ಜೀನಿಯಾ ಟೆಕ್‌ನವರು ಅಮೆರಿಕದ ನಾಲ್ಕು ರಾಜ್ಯಗಳಲ್ಲಿ 100 ಮೋಟರ್‌ಸೈಕಲ್ ಸವಾರರ ಅಧ್ಯಯನವನ್ನೂ ಮಾಡಿದ್ದಾರೆ. ಅಲ್ಲಿ ಹೆಚ್ಚು ಸಿಕ್ಕಿದ್ದು ನಿಧಾನ ವೇಗದಲ್ಲಿ ಗಾಡಿ ನೆಲಕ್ಕೆ ಬೀಳುವ ಘಟನೆಗಳು. ಯಾವ ಪೊಲೀಸ್ ಠಾಣೆಯಲ್ಲೂ ಅವು ದಾಖಲಾಗುವುದಿಲ್ಲ.

ಸ್ಟೋರೇಜ್ ಲೆಕ್ಕ: ನಾಲ್ಕು ನೋಟ ಸೇರಿ ಸೆಕೆಂಡಿಗೆ 2 ಮೆಗಾಬಿಟ್ ಇಟ್ಟರೆ ಗಂಟೆಗೆ 900 ಎಂಬಿ. ನಮ್ಮ 8,100 ಗಂಟೆಗೆ ಸುಮಾರು 7.3 ಟೆರಾಬೈಟ್. ಎರಡು ಪ್ರತಿ ಬೇರೆ ಬೇರೆ ಕಟ್ಟಡದಲ್ಲಿರಬೇಕು, ಎರಡಕ್ಕೂ ಎನ್‌ಕ್ರಿಪ್ಷನ್ ಬೇಕು.

ಹಂತ 6: ಪೈಲಟ್ ಮಾಡದೆ ಶುರು ಮಾಡಬೇಡಿ

ಪೈಲಟ್ ಅಂದರೆ ಮೊದಲೊಂದು ಸಣ್ಣ ಪ್ರಯೋಗ. ಮೂರು ಕಾರು, ಮೂರು ಬೈಕು, ಒಂದು ತಿಂಗಳು. ನಿಮ್ಮ ತಂಡದವರ ಗಾಡಿಗಳೇ ಆಗಲಿ. ಕ್ಯಾಮೆರಾದ ಮುಂದೆ ಬದುಕುವುದು ಹೇಗಿರುತ್ತದೆ ಎಂದು ನಿಮಗೂ ಗೊತ್ತಾಗಬೇಕು.

ನಾನು ನನ್ನ ಕಾರಿನ ಗಾಜಿಗೆ ಅಗ್ಗದ ಕ್ಯಾಮೆರಾ ಅಂಟಿಸಿ ನೋಡಿದ್ದೆ. ಏಪ್ರಿಲ್ ತಿಂಗಳ ಮಧ್ಯಾಹ್ನ, ಗಾಡಿ ಬಿಸಿಲಲ್ಲಿ ನಿಂತಿತ್ತು. ಸಂಜೆ ಬಾಗಿಲು ತೆಗೆದರೆ ಅಂಟು ಕರಗಿ ಕ್ಯಾಮೆರಾ ಡ್ಯಾಶ್‌ಬೋರ್ಡಿನ ಮೇಲೆ ಬೋರಲು ಬಿದ್ದಿತ್ತು. ಅದು ಸುಮ್ಮನಿರಲಿಲ್ಲ, ಮನೆ ತಲುಪುವವರೆಗೆ ಕಪ್ಪು ಪ್ಲಾಸ್ಟಿಕ್ಕನ್ನು ಶ್ರದ್ಧೆಯಿಂದ ದಾಖಲಿಸಿತ್ತು. ಫೈಲ್ ಇತ್ತು, ಗಾತ್ರ ಸರಿಯಿತ್ತು, ಒಳಗೆ ಏನೂ ಇರಲಿಲ್ಲ. 60 ಗಾಡಿಗಳಲ್ಲಿ ಹೀಗಾಗಿ ಮೂರು ತಿಂಗಳ ನಂತರ ಗೊತ್ತಾದರೆ? ಅದಕ್ಕೇ ಪ್ರತಿ ಸಾಧನವೂ ದಿನಕ್ಕೊಂದು ಸಣ್ಣ ಆರೋಗ್ಯ ವರದಿಯನ್ನು ಮೊಬೈಲ್ ನೆಟ್‌ವರ್ಕಿನಲ್ಲಿ ಕಳಿಸಬೇಕು. ಎಲ್ಲಾ ಕ್ಯಾಮೆರಾದಿಂದ ಒಂದೊಂದು ಚಿತ್ರ, ಉಳಿದ ಜಾಗ, ಬ್ಯಾಟರಿ ವೋಲ್ಟೇಜ್. ಶಾರ್ಪ್-2ರ ಪೆಟ್ಟಿಗೆಗಳೂ ಹೀಗೇ ಮಾಡುತ್ತಿದ್ದವು. ಪೂರ್ತಿ ವಿಡಿಯೋ ಇರುವ ಡಿಸ್ಕನ್ನು ತಂತ್ರಜ್ಞರು ಕೆಲವು ತಿಂಗಳಿಗೊಮ್ಮೆ ಬಂದು ಬದಲಿಸುತ್ತಿದ್ದರು. ಬೆಳಗ್ಗೆ ಈ ವರದಿ ನೋಡುವ ಕೆಲಸಕ್ಕೇ ಒಬ್ಬರನ್ನು ಇಡಿ.

ಮೊದಮೊದಲು ಜನ ಕ್ಯಾಮೆರಾ ಕಡೆ ನೋಡಿ ನಡೆದುಕೊಳ್ಳುತ್ತಾರೆ. ಆಮೇಲೆ ಮರೆಯುತ್ತಾರೆ. ಮೊದಲ ವಾರದ ಡೇಟಾವನ್ನು ಬೇರೆ ಇಟ್ಟು ಉಳಿದದ್ದಕ್ಕೆ ಹೋಲಿಸಿ ನೋಡಿ.

ಹಂತ 7: ತುಣುಕು ಆರಿಸುವುದು

100 ಕಾರುಗಳ ಅಧ್ಯಯನದಲ್ಲಿ ಕಂಪ್ಯೂಟರ್ ಮೊದಲ ಜರಡಿ ಹಿಡಿಯಿತು. ಬ್ರೇಕಿನ ಬಲ 0.6 ಜಿ (ಭೂಮಿಯ ಗುರುತ್ವಾಕರ್ಷಣೆಯ 0.6 ಪಟ್ಟು) ದಾಟಿದರೆ, ಪಕ್ಕಕ್ಕೆ ಎಳೆದ ಬಲ 0.7 ಜಿ ದಾಟಿದರೆ, ಚಾಲಕರು ಬಟನ್ ಒತ್ತಿದರೆ, ಹೀಗೆ ಕೆಲವು ಸುಳಿವುಗಳು. 0.6 ಜಿ ಬ್ರೇಕ್ ಅಂದರೆ ಹಿಂದಿನ ಸೀಟಿನ ತರಕಾರಿ ಚೀಲ ಮುಂದಕ್ಕೆ ಹಾರಿಬೀಳುವಷ್ಟು. ಜರಡಿಗೆ ಸಿಕ್ಕ ತುಣುಕುಗಳನ್ನು ಮಾತ್ರ ಮನುಷ್ಯರು ನೋಡಿದರು.

ಈ ಅಂಕಿಗಳನ್ನು ಹಾಗೇ ಎತ್ತಿಕೊಂಡು ಬೆಂಗಳೂರಿಗೆ ಹಾಕಿದರೆ ಕೆಲಸ ಕೆಡುತ್ತದೆ. ಗಂಟೆಗೆ 15 ಕಿಲೋಮೀಟರ್ ವೇಗದ ಟ್ರಾಫಿಕ್ಕಿನಲ್ಲಿ ಬಂಪರ್ ತಾಗಿದರೂ 0.6 ಜಿ ಬರದೇ ಇರಬಹುದು. ಗುಂಡಿಗೆ ಇಳಿದಾಗ ಮಾತ್ರ ಸೆನ್ಸರ್ ಕೂಗಿಕೊಳ್ಳುತ್ತದೆ. ಮುಂದಿನ ಗಾಡಿಗೆ ಒಂದು ಮೀಟರ್ ಅಂತರ ಎನ್ನುವುದು ವರ್ಜೀನಿಯಾದ ಹೆದ್ದಾರಿಯಲ್ಲಿ ಅಪಾಯ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಮಾಮೂಲು. ಅದಕ್ಕೆ ಪೈಲಟ್‌ನ ಕನಿಷ್ಠ 50 ಗಂಟೆಗಳನ್ನು ಕಣ್ಣಿಂದಲೇ ಪೂರ್ತಿ ನೋಡಿ. ನಿಜವಾದ ಕೂದಲೆಳೆ ಘಟನೆಗಳನ್ನು ಗುರುತಿಸಿ. ಆಮೇಲೆ ಯಾವ ಅಂಕಿ ಇಟ್ಟರೆ ಅವು ಜರಡಿಯಲ್ಲಿ ಉಳಿಯುತ್ತವೆ ಎಂದು ಲೆಕ್ಕ ಹಾಕಿ. ನಗರಕ್ಕೊಂದು, ಹೆದ್ದಾರಿಗೊಂದು, ಬೈಕಿಗೊಂದು ಅಂಕಿ ಬೇಕಾಗುತ್ತದೆ.

ಈಗ ಬಹಳ ಜನ ಮರೆಯುವ ವಿಷಯ. ಘಟನೆಗಳ ವಿಡಿಯೋ ಎಷ್ಟಿದ್ದರೂ ಅದರಿಂದ ಮಾತ್ರ ಏನೂ ಹೇಳಲು ಆಗುವುದಿಲ್ಲ. ನೂರು ಡಿಕ್ಕಿಯಲ್ಲಿ 12ರಲ್ಲಿ ಚಾಲಕರ ಕೈಯಲ್ಲಿ ಫೋನ್ ಇತ್ತು ಅನ್ನೋಣ. ಅದು ಜಾಸ್ತಿಯೋ ಕಡಿಮೆಯೋ? ಏನೂ ಆಗದ ಹೊತ್ತಿನಲ್ಲಿ ಎಷ್ಟು ಸಲ ಫೋನ್ ಇರುತ್ತದೆ ಎಂದು ಗೊತ್ತಿಲ್ಲದೆ ಉತ್ತರವಿಲ್ಲ. ಅದಕ್ಕೇ ಮಾಮೂಲಿ ತುಣುಕುಗಳು ಬೇಕು. ಏನೂ ನಡೆಯದ, ಬೇಸರ ಹಿಡಿಸುವ, ಸುಮ್ನೆ ಗಾಡಿ ಓಡುತ್ತಿರುವ ತುಣುಕುಗಳು. 100 ಕಾರುಗಳ ಅಧ್ಯಯನದಲ್ಲಿ ಇಂಥ 20,000 ತುಣುಕುಗಳನ್ನು ಗುರುತು ಹಾಕಿದರು. ಶಾರ್ಪ್-2ರಲ್ಲೂ ಹತ್ತಿರ ಹತ್ತಿರ ಅಷ್ಟೇ. ಪ್ರತಿ ಚಾಲಕರು ಎಷ್ಟು ಹೊತ್ತು ಓಡಿಸಿದ್ದಾರೋ ಅದಕ್ಕೆ ತಕ್ಕ ಪಾಲಿನಲ್ಲಿ, ಗಾಡಿ ಚಲಿಸುತ್ತಿದ್ದ ಹೊತ್ತಿನಿಂದ ಮಾತ್ರ, ಚೀಟಿ ಎತ್ತಿದ ಹಾಗೆ ಆರಿಸಿ. ಸಿಗ್ನಲ್ಲಿನಲ್ಲಿ ನಿಂತಾಗ ಫೋನ್ ನೋಡಿದ್ದೂ ಓಡುತ್ತಾ ನೋಡಿದ್ದೂ ಒಂದೇ ಲೆಕ್ಕಕ್ಕೆ ಬರಬಾರದು.

ಲೆಕ್ಕ ಹೇಗೆ ನಡೆಯುತ್ತದೆ ನೋಡಿ. ಈ ಸಂಖ್ಯೆಗಳು ವಿವರಿಸಲು ನಾನೇ ಇಟ್ಟುಕೊಂಡವು. 200 ಘಟನೆಗಳಲ್ಲಿ 24ರಲ್ಲಿ ಫೋನ್ ಇತ್ತು, 176ರಲ್ಲಿ ಇರಲಿಲ್ಲ. 2,000 ಮಾಮೂಲಿ ತುಣುಕುಗಳಲ್ಲಿ 80ರಲ್ಲಿ ಇತ್ತು, 1,920ರಲ್ಲಿ ಇರಲಿಲ್ಲ. 24ನ್ನು 176ರಿಂದ ಭಾಗಿಸಿದರೆ 0.136. 80ನ್ನು 1,920ರಿಂದ ಭಾಗಿಸಿದರೆ 0.042. ಮೊದಲನೆಯದು ಎರಡನೆಯದಕ್ಕಿಂತ ಸುಮಾರು 3.3 ಪಟ್ಟು. ಇದೇ ಆಡ್ಸ್ ಅನುಪಾತ. ಶಾರ್ಪ್-2ರ 905 ಡಿಕ್ಕಿಗಳನ್ನಿಟ್ಟು ಥಾಮಸ್ ಡಿಂಗಸ್ ಮತ್ತು ಜೊತೆಗಾರರು 2016ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ, ಕೈಯಲ್ಲಿ ಫೋನ್ ಬಳಕೆಗೆ ಈ ಅನುಪಾತ 3.6 ಬಂತು. ನಂಬರ್ ಒತ್ತುವುದಕ್ಕೆ 12ರ ಆಸುಪಾಸು. ಒಬ್ಬರದೇ ಹತ್ತು ಘಟನೆಗಳಿದ್ದರೆ ಅವು ಹತ್ತು ಬೇರೆ ಸಾಕ್ಷಿಗಳಾಗುವುದಿಲ್ಲ. ಅದನ್ನು ಸರಿದೂಗಿಸುವ ಮಾದರಿಗಳಿವೆ, ನಿಮ್ಮ ಸಂಖ್ಯಾಶಾಸ್ತ್ರದವರು ನೋಡಿಕೊಳ್ಳುತ್ತಾರೆ.

ಹಂತ 8: ಕಣ್ಣಿಟ್ಟು ನೋಡುವವರು

ಒಂದು 20 ಸೆಕೆಂಡಿನ ತುಣುಕು ಊಹಿಸಿಕೊಳ್ಳಿ. ಸಂಜೆ ಆರೂವರೆ, ಸರ್ವಿಸ್ ರಸ್ತೆ. ಕಾರು ಗಂಟೆಗೆ 25 ಕಿಲೋಮೀಟರ್. ಚಾಲಕಿಯ ಎಡಗೈ ಗೇರ್ ಮೇಲೆ. ಎಂಟನೇ ಸೆಕೆಂಡಿನಲ್ಲಿ ಕಣ್ಣು ಕೆಳಗೆ ಎಡಕ್ಕೆ ಇಳಿಯುತ್ತದೆ. ಒಂದೂವರೆ ಸೆಕೆಂಡ್ ಅಲ್ಲೇ. ಎಸಿ ಕಿಂಡಿಯ ಹತ್ತಿರ ಫೋನ್ ಹೋಲ್ಡರ್ ಇದೆ, ಅದರ ಹಿಂದೆಯೇ ಎಡಗಡೆಯ ಕನ್ನಡಿ. ಹತ್ತನೇ ಸೆಕೆಂಡಿಗೆ ಎಡದಿಂದ ಡೆಲಿವರಿ ಬೈಕೊಂದು ನುಗ್ಗುತ್ತದೆ. ಬ್ರೇಕ್. ತಲೆ ಮುಂದಕ್ಕೆ ಬಾಗಿ ಹಿಂದೆ ಬರುತ್ತದೆ. ಬೈಕಿನವರು ಕೈ ಎತ್ತಿ ಹೋಗುತ್ತಾರೆ. ಚಾಲಕಿ ಬಾಯಲ್ಲಿ ಏನೋ ಅನ್ನುತ್ತಾರೆ.

ಅವರು ಫೋನ್ ನೋಡುತ್ತಿದ್ದರೋ ಕನ್ನಡಿಯೋ? ಇದು ಕೂದಲೆಳೆ ಘಟನೆಯೋ, ಮಾಮೂಲಿ ಸಂಜೆಯೋ? ಮೂರು ಜನರನ್ನು ಕೇಳಿದರೆ ಮೂರು ಉತ್ತರ. ಅದಕ್ಕೆ ಗುರುತಿನ ಕೈಪಿಡಿ ಬೇಕು. "ಚಾಲಕರು ಆ ಕ್ಷಣದಲ್ಲಿ ಬ್ರೇಕ್ ಹಾಕದೆ ಅಥವಾ ತಿರುಗಿಸದೆ ಇದ್ದಿದ್ದರೆ ತಾಗುತ್ತಿತ್ತೇ? ಆ ಕ್ರಿಯೆ ಗಡಿಬಿಡಿಯದ್ದೇ? ಎರಡಕ್ಕೂ ಹೌದು ಎಂದರೆ ಮಾತ್ರ ಕೂದಲೆಳೆ." ಇಷ್ಟು ಖಚಿತವಾಗಿರಬೇಕು. "ಅಪಾಯಕಾರಿ ಚಾಲನೆ" ಎಂಬಂಥ ಪದಗಳು ಕೈಪಿಡಿಯಲ್ಲಿ ಇರಲೇಬಾರದು. ನೋಟ ಎತ್ತ ಎಂದು ಖಚಿತವಿಲ್ಲದಿದ್ದರೆ "ಹೇಳಲಾಗದು" ಎಂಬ ಆಯ್ಕೆ ಇರಲಿ. ಊಹಿಸಿ ತುಂಬಿಸುವುದಕ್ಕಿಂತ ಅದು ಪ್ರಾಮಾಣಿಕ.

ಹತ್ತರಲ್ಲಿ ಒಂದು ತುಣುಕನ್ನು ಇಬ್ಬರು ಬೇರೆ ಬೇರೆ ಕೂತು ಗುರುತಿಸಲಿ. ಎಷ್ಟು ಹೊಂದುತ್ತದೆ ಎಂದು ಕಪ್ಪಾ ಅಂಕಿಯಲ್ಲಿ ಅಳೆಯಿರಿ. ಕಡಿಮೆ ಬಂದರೆ ನೋಡಿದವರನ್ನು ಬೈಯಬೇಡಿ, ಕೈಪಿಡಿ ತಿದ್ದಿ. ಯಾವುದು ಘಟನೆಯ ತುಣುಕು, ಯಾವುದು ಮಾಮೂಲಿ ಎಂದು ಗೊತ್ತಿಲ್ಲದ ಹಾಗೆ ಮೊದಲು ನೋಟ ಮತ್ತು ಕೈ ಗುರುತಿಸುವುದು ಒಳ್ಳೆಯದು. ಡಿಕ್ಕಿ ಆಗುತ್ತದೆ ಎಂದು ಗೊತ್ತಿದ್ದರೆ ಕಣ್ಣು ತಪ್ಪು ಹುಡುಕಲು ಶುರು ಮಾಡುತ್ತದೆ. ಒಂದು ತುಣುಕಿಗೆ 15 ನಿಮಿಷ ಹಿಡಿದರೆ 2,000 ಮಾಮೂಲಿ ತುಣುಕಿಗೇ 500 ಗಂಟೆ. ನಿಮ್ಮ ಬಜೆಟ್ಟಿನ ದೊಡ್ಡ ಪಾಲು ಕ್ಯಾಮೆರಾಕ್ಕಲ್ಲ, ಈ ಜನರ ಸಂಬಳಕ್ಕೆ ಹೋಗಬೇಕು. ಜನ ಬೀಳುವುದನ್ನು, ಸಾಯುವುದನ್ನು ಅವರು ನೋಡಬೇಕಾಗಿ ಬರಬಹುದು. ದಿನಕ್ಕೆ ನಾಲ್ಕು ಗಂಟೆಗಿಂತ ಹೆಚ್ಚು ಬೇಡ. ಮಾತಾಡಿಸಲು ಒಬ್ಬ ಆಪ್ತ ಸಮಾಲೋಚಕರು ಇರಲಿ.

ಗಾಡಿ, ಆಟೋ, ದನ, ಪಾದಚಾರಿ ಗುರುತಿಸಲು ಕಂಪ್ಯೂಟರ್ ನೆರವಾಗುತ್ತದೆ. ಹೈದರಾಬಾದಿನ ಟ್ರಿಪಲ್ ಐಟಿ ಮತ್ತು ಇಂಟೆಲ್ ಸೇರಿ ಹೈದರಾಬಾದ್, ಬೆಂಗಳೂರು ಮತ್ತು ಸುತ್ತಲಿನ ರಸ್ತೆಗಳ 182 ಓಡಾಟಗಳಿಂದ 10,000 ಚಿತ್ರಗಳ ಇಂಡಿಯಾ ಡ್ರೈವಿಂಗ್ ಡೇಟಾಸೆಟ್ ಮಾಡಿವೆ. ಅದರಲ್ಲಿ ಆಟೋರಿಕ್ಷಾಕ್ಕೂ, ರಸ್ತೆ ಪಕ್ಕದ ಮಣ್ಣಿನ ಜಾಗಕ್ಕೂ ಬೇರೆ ಬೇರೆ ಹೆಸರಿದೆ. ಹೊರದೇಶದ ಡೇಟಾದಲ್ಲಿ ಕಲಿತ ಸಾಫ್ಟ್‌ವೇರ್‌ಗಿಂತ ಇಂಥದ್ದರಿಂದ ಕಲಿತದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಹಂತ 9: ಡೇಟಾ ಇಡುವುದು, ಹಂಚುವುದು, ಬಿಚ್ಚುವುದು

ಹೆಸರು, ಫೋನ್ ನಂಬರ್ ಇರುವ ಪಟ್ಟಿ ಒಂದು ಕಡೆ, ವಿಡಿಯೋ ಇನ್ನೊಂದು ಕಡೆ. ಎರಡಕ್ಕೂ ಕೀಲಿ ಒಬ್ಬರ ಕೈಯಲ್ಲಿ ಇರಬಾರದು. ಶಾರ್ಪ್-2ರ ಮುಖದ ವಿಡಿಯೋ ನೋಡಬೇಕಾದರೆ ಸಂಶೋಧಕರು ಕಾವಲಿರುವ ಕೋಣೆಗೇ ಹೋಗಬೇಕು. ಪ್ರತಿ ಹೊರಗೆ ಬರುವುದಿಲ್ಲ. ಜಿಪಿಎಸ್ ಹಂಚುವ ಮುಂಚೆ ಪ್ರತಿ ಪ್ರಯಾಣದ ಮೊದಲ ಮತ್ತು ಕೊನೆಯ ಕೆಲವು ನಿಮಿಷ ಕತ್ತರಿಸಿ. ಇಲ್ಲದಿದ್ದರೆ ಹೆಸರು ತೆಗೆದೂ ಪ್ರಯೋಜನವಿಲ್ಲ. ರಾತ್ರಿ ಗಾಡಿ ನಿಲ್ಲುವ ಜಾಗವೇ ಮನೆಯ ವಿಳಾಸ.

ಕೊನೆಯ ದಿನಕ್ಕೆ ಒಂದು ಗಂಟೆ ಪೂರ್ತಿ ಇಟ್ಟುಕೊಳ್ಳಿ. ಸಾಧನ ಬಿಚ್ಚಿ. ಗಾಜಿನ ಮೇಲಿನ ಅಂಟು ಸ್ಪಿರಿಟ್ ಹಚ್ಚಿ ಒರೆಸಿ. ತಂತಿ ಎಳೆದ ಕಡೆ ಪ್ಯಾನೆಲ್ ಸರಿಯಾಗಿ ಕೂತಿದೆಯೇ ನೋಡಿ. ಗಾಡಿ ಸ್ಟಾರ್ಟ್ ಮಾಡಿ, ಡ್ಯಾಶ್‌ಬೋರ್ಡಿನಲ್ಲಿ ಹೊಸ ಎಚ್ಚರಿಕೆ ದೀಪ ಉರಿಯುತ್ತಿಲ್ಲ ಎಂದು ಚಾಲಕರ ಜೊತೆಗೇ ಖಚಿತ ಮಾಡಿಕೊಳ್ಳಿ. ಅವರ ವಿಡಿಯೋ ಎಲ್ಲಿರುತ್ತದೆ, ಎಷ್ಟು ವರ್ಷ, ಅಳಿಸಬೇಕಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಕನ್ನಡದಲ್ಲಿ ಬರೆದ ಒಂದು ಹಾಳೆ ಕೈಗೆ ಕೊಡಿ. ಉಳಿದ ಗೌರವಧನ ಅಲ್ಲೇ, ಆಗಲೇ ಕೊಡಿ.